ನೂರನೆಯ ದಿನದ ಬಣ್ಣ

ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮೂರನೆಯ ದಿನ ಆ ಮನೆಗೆ ಗೋಸುಂಬೆ ಬರುತ್ತದೆ. ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಬಿಸಿಲು ಸ್ವಲ್ಪ ಏರಿದ ಮೇಲೆ, ರಸ್ತೆಯ ನಡುವೆಯೇ ನಡೆದು ಬರುತ್ತದೆ. ಒಂದು ಕಾಲು ಎತ್ತಿ, ಇಡಲೋ ಬೇಡವೋ ಅಂತ ಮೈಯನ್ನು ಹಿಂದೆ ಮುಂದೆ ತೂಗಿ, ಆಮೇಲೆ ಇಡುತ್ತದೆ. ಬಸ್ಸು ನಿಲ್ಲುತ್ತದೆ. ಸೈಕಲ್ಲಿನವರು ಇಳಿದು ನಿಲ್ಲುತ್ತಾರೆ. ಕೆಲಸಕ್ಕೆ ತಡವಾಯಿತು ಅಂತ ಗೊಣಗುವವರೂ ಬಾಯಿ ಮುಚ್ಚಿಕೊಂಡೇ ಗೊಣಗುತ್ತಾರೆ. ಅದು ಸಾವಾದ ಮನೆಯ ಹೊಸ್ತಿಲಿಗೆ ಬಂದಾಗ ಮನೆಯವರು ಒಂದು ದಾಸವಾಳದ ಕೊಂಬೆ ಹಿಡಿಯಬೇಕು. ಅದು ಹತ್ತಿಕೊಳ್ಳುತ್ತದೆ. ಅಲ್ಲಿಂದ ಒಂದು ವರ್ಷ ಆ ಮನೆಯಲ್ಲೇ ಇದ್ದು, ವರ್ಷ ತುಂಬಿದ ದಿನ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಆ ಒಂದು ವರ್ಷ ಅದರ ಮೈಮೇಲೆ ಕಾಣುವುದು ಸತ್ತವರ ಮನಸ್ಸು. ಯಾರು ಹತ್ತಿರ ಬಂದರೆ ಅದು ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ನೋಡಿ ಹೇಳುವ ಹೆಂಗಸರು ಊರಿನಲ್ಲಿ ಐದು ಜನ ಇದ್ದೇವೆ. ನಾನು ಅವರಲ್ಲಿ ಒಬ್ಬಳು, ಹೆಸರು ಚಿಕ್ಕತಾಯಿ. ಬಾಳೆಯ ಸುಳಿಯಂಥ ಹಸಿರು ಬಂದರೆ ಸತ್ತವರಿಗೆ ಆ ಮನುಷ್ಯನ ಮೇಲೆ ಏನೂ ಬೇಸರವಿಲ್ಲ. ಹಸಿರಿನ ಮೇಲೆ ಹಳದಿ ಚುಕ್ಕೆ ಎದ್ದರೆ ಅಕ್ಕರೆ. ಕಂದು ಬಂದರೆ ದುಃಖ. ಕಪ್ಪು ಬಂದರೆ ಜನ ಸಿಟ್ಟು ಅನ್ನುತ್ತಾರೆ, ನಾವು ನೋವು ಅನ್ನುತ್ತೇವೆ. ಸಿಟ್ಟಾದರೆ ವರ್ಷವಿಡೀ ಇರುವುದಿಲ್ಲ.

ಕೇಳಿದರೆ ಸುಲಭ ಅನ್ನಿಸಬಹುದು. ಆದರೆ ಗೋಸುಂಬೆಗೂ ಒಂದು ಹೊಟ್ಟೆ ಇದೆ, ಅದಕ್ಕೂ ಚಳಿಯಾಗುತ್ತದೆ ಅನ್ನುವುದನ್ನು ಮನೆಯವರು ಮರೆತೇಬಿಡುತ್ತಾರೆ. ಒಂದು ಸಲ ಮೂವರು ಅಣ್ಣತಮ್ಮಂದಿರು ಹೆದರಿ ನನ್ನನ್ನು ಕರೆಸಿದರು. ಅಪ್ಪ ಕಪ್ಪಾಗಿದ್ದಾರೆ, ಮನೆ ಪಾಲು ಮಾಡಿದ್ದು ಅವರಿಗೆ ಒಪ್ಪಿಗೆಯಿಲ್ಲ, ಮಧ್ಯದ ಗೋಡೆ ಕೆಡವುತ್ತೇವೆ ಅಂತ ಹಾರೆ ಹಿಡಿದು ನಿಂತಿದ್ದರು. ಹೋಗಿ ನೋಡಿದರೆ ಅಪ್ಪನನ್ನು ಫ್ಯಾನಿನ ಕೆಳಗೆ ಕೂರಿಸಿದ್ದಾರೆ. ಸೆಖೆಯಾದೀತು ಅಂತ ಹಗಲೂ ರಾತ್ರಿ ಫ್ಯಾನು ಬೇರೆ. ಪ್ರಾಣಿ ಚಳಿಗೆ ಕಪ್ಪಾಗಿತ್ತು. ಕಿಟಕಿಯ ಬಳಿ ಬಿಸಿಲಿಗೆ ಇಟ್ಟ ಅರ್ಧ ಗಂಟೆಯಲ್ಲಿ ಮೂವರಿಗೂ ಹಸಿರಾಯಿತು. ಇನ್ನೊಂದು ಮನೆಯಲ್ಲಿ ಸೊಸೆ ಒಂದು ವಾರ ಉಪವಾಸ ಮಾಡಿದ್ದಳು, ಅತ್ತೆ ತನ್ನನ್ನು ಕಂಡರೆ ಬುಸುಗುಟ್ಟುತ್ತಾರೆ ಅಂತ. ಅತ್ತೆಯ ಎದುರಿಗೇ ನಿಲುವುಗನ್ನಡಿ ಇತ್ತು. ಗೋಸುಂಬೆಗೆ ಇನ್ನೊಂದು ಗೋಸುಂಬೆಯನ್ನು ಕಂಡರೆ ಆಗುವುದಿಲ್ಲ, ಅದು ತಾನೇ ಆಗಿದ್ದರೂ ಸರಿ.

ಅದಕ್ಕೇ ಈ ಕೆಲಸಕ್ಕೊಂದು ಕ್ರಮ ಇದೆ. ಮೊದಲು ನೀರು, ಆಮೇಲೆ ಬಿಸಿಲು, ಆಮೇಲೆ ಹೊಟ್ಟೆ, ಈ ಮೂರೂ ಸರಿಯಿದ್ದರೆ ಮಾತ್ರ ಸತ್ತವರು. ನನಗೆ ಇದನ್ನು ಕಲಿಸಿದವಳು ನನ್ನ ಅಕ್ಕ ದೊಡ್ಡತಾಯಿ. ಕಣ್ಣು ಗುಳಿ ಬಿದ್ದಿದೆಯೇ ನೋಡು, ಚರ್ಮ ನೆರಿಗೆಗಟ್ಟಿದೆಯೇ ನೋಡು, ಹಿಕ್ಕೆ ನೋಡು, ಹಿಕ್ಕೆಯ ತುದಿ ಬೆಳ್ಳಗಿದ್ದರೆ ನೀರು ಸಾಕಾಗಿದೆ, ಅರಿಸಿನವಾಗಿದ್ದರೆ ಬಾಯಾರಿದೆ. ಬೆರಳು ಕೊಟ್ಟು ಹಿಡಿತ ನೋಡು. ಬಟ್ಟಲಲ್ಲಿ ನೀರಿಟ್ಟರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ, ಎಲೆಯ ಮೇಲಿನ ಹನಿಯನ್ನು ಮಾತ್ರ ಕುಡಿಯುತ್ತದೆ. ಇಷ್ಟೆಲ್ಲ ನೋಡದೆ ಬಾಯಿ ತೆರೆದರೆ ಒಬ್ಬರ ಬಾಳು ಹಾಳಾಗುತ್ತದೆ ಅಂತ ಅಕ್ಕ ಹೇಳುತ್ತಿದ್ದಳು. ಉತ್ಪ್ರೇಕ್ಷೆಯಲ್ಲ. ನೂರನೆಯ ದಿನ ನಾವು ಹೇಳಿದ ಮಾತೇ ಕೊನೆ. ಅವತ್ತು ಯಾರಿಗೆ ಕಪ್ಪು ಬರುತ್ತದೋ ಅವರು ಅಲ್ಲಿಂದ ಹಿಂದೆ ಹಿಂದೆ ನಡೆಯಬೇಕು, ಗೋಸುಂಬೆಯ ಮೈ ತಿಳಿಯಾಗುವವರೆಗೆ. ಮನೆಯವರೊಬ್ಬರು ಕಿಟಕಿಯಲ್ಲಿ ನಿಂತು, ಬಣ್ಣ ತಿಳಿಯಾದ ಕೂಡಲೇ ಕೈ ಎತ್ತುತ್ತಾರೆ. ಆ ಜಾಗದಿಂದ ಮುಂದಕ್ಕೆ ವರ್ಷ ಮುಗಿಯುವವರೆಗೂ ಬರುವಂತಿಲ್ಲ. ವಾರಕ್ಕೊಮ್ಮೆ ಅಲ್ಲಿ ಬಂದು ನಿಲ್ಲಬಹುದು, ಒಂದು ಹೆಜ್ಜೆ ಮುಂದಿಟ್ಟು ನೋಡಬಹುದು. ಕೈ ಮೇಲೆದ್ದರೆ ಆ ಹೆಜ್ಜೆ ನಿಮ್ಮದು. ಸಂಜೆ ನಮ್ಮ ಊರಿನ ಬೀದಿಗಳಲ್ಲಿ ನಡೆದರೆ ಅಲ್ಲೊಬ್ಬರು ಇಲ್ಲೊಬ್ಬರು ಯಾವುದೋ ಮನೆಯ ಕಿಟಕಿಗೆ ಮುಖ ಮಾಡಿ ಸುಮ್ಮನೆ ನಿಂತಿರುವುದು ಕಾಣುತ್ತದೆ. ಹಿಟ್ಟಿನ ಗಿರಣಿಯ ಮುಂದೆ ಒಬ್ಬ, ಬಸ್‌ಸ್ಟ್ಯಾಂಡಿನ ಹಿಂದೆ ಇಬ್ಬರು ಹೆಣ್ಣುಮಕ್ಕಳು. ಮಳೆ ಬಂದರೂ ನಿಂತಿರುತ್ತಾರೆ. ಅವರನ್ನು ಯಾರೂ ಮಾತನಾಡಿಸುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ.

ಅಕ್ಕ ಮೂವತ್ತು ವರ್ಷ ಬಣ್ಣ ನೋಡಿದಳು. ಆಮೇಲೆ ಅವಳ ಕಣ್ಣಿಗೆ ಪೊರೆ ಬರತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಒಂದು ಮನೆಯಲ್ಲಿ ಅವಳು ಹಸಿರು ಅಂದದ್ದು ಹಸಿರಲ್ಲ, ಕಂದು. ಅವಳ ಹಿಂದೆಯೇ ನಿಂತಿದ್ದ ನಾನು ಕಂಡೆ. ಮನೆಗೆ ಬರುವ ದಾರಿಯಲ್ಲಿ ಹೇಳಬೇಕು ಅಂತ ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ಮಾರನೆಯ ದಿನ ನಮ್ಮ ಐವರಲ್ಲಿ ಹಿರಿಯರಾದ ನೀಲಾಜಮ್ಮನವರ ಹತ್ತಿರ ಹೋಗಿ ಹೇಳಿಬಿಟ್ಟೆ. ಅವರು ಅಕ್ಕನನ್ನು ಕೆಲಸದಿಂದ ಬಿಡಿಸಿ ಅವಳ ಜಾಗವನ್ನು ನನಗೆ ಕೊಟ್ಟರು. ಅದು ತಪ್ಪಲ್ಲ ಅಂತ ಈಗಲೂ ಹೇಳುತ್ತೇನೆ. ಕಣ್ಣು ಮಂಜಾದವರು ಬಣ್ಣ ನೋಡಬಾರದು. ತಪ್ಪಾದದ್ದು ಆ ದಿನ ಸಂಜೆ. ಅಕ್ಕ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ, "ನೀಲಾಜಮ್ಮಂಗೆ ಯಾರು ಹೇಳಿರಬೋದು ಕಣೇ?" ಅಂತ ಕೇಳಿದಳು. ನಾನು, "ನಂಗೊತ್ತಿಲ್ಲ ಅಕ್ಕ" ಅಂದೆ. ಅವಳು ಸೊಪ್ಪಿನ ಕಡೆಗೇ ನೋಡುತ್ತಾ "ಹೌದಾ" ಅಂದಳು. ಅಷ್ಟೇ. ಆಮೇಲೆ ಮೂರು ವರ್ಷ ಬದುಕಿದ್ದಳು. ನಾನು ಹೋದಾಗೆಲ್ಲ ಮಜ್ಜಿಗೆ ಕೊಟ್ಟಳು, ತಲೆ ಬಾಚಿದಳು, ಹಬ್ಬಕ್ಕೆ ಸೀರೆ ಕೊಟ್ಟಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ ಅನ್ನುವುದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಅವಳು ಹೋದ ಮೂರನೆಯ ದಿನ ಗೋಸುಂಬೆ ಬಂತು. ಭಾವ ಕೊಂಬೆ ಹಿಡಿದರು. ಅಕ್ಕನ ಗಂಡ ಶಾಂತಮಲ್ಲಪ್ಪ ಹಾರ್ಮೋನಿಯಂ ರಿಪೇರಿ ಮಾಡುವವರು, ದಿನಕ್ಕೆ ಹತ್ತು ಮಾತೂ ಆಡದ ಮನುಷ್ಯ. ಮಕ್ಕಳಿರಲಿಲ್ಲ. ಹನ್ನೊಂದನೆಯ ದಿನದ ಊಟದವರೆಗೆ ಎಲ್ಲ ಸರಿಯಾಗಿತ್ತು. ಅವತ್ತು ನಾನು ಅಡುಗೆಮನೆಯಿಂದ ಪಾತ್ರೆ ಹೊತ್ತು ಓಡಾಡಿದ್ದೇ ಆಯಿತು, ಗೋಸುಂಬೆಯನ್ನು ಸರಿಯಾಗಿ ನೋಡಲೂ ಆಗಲಿಲ್ಲ. ಮಾರನೆಯ ದಿನ ಹೋದರೆ ಭಾವ ಜಗುಲಿಯಲ್ಲೇ ತಡೆದರು. "ಒಳಗೆ ಗುಡ್ಸಿಲ್ಲ ಚಿಕ್ಕತಾಯಿ, ಇನ್ನೊಂದಿನ ಬಾ" ಅಂದರು. ಆ ಇನ್ನೊಂದು ದಿನ ಬರಲೇ ಇಲ್ಲ. ನಾನು ಹೋದಾಗೆಲ್ಲ ಒಂದೊಂದು ನೆಪ. ಬಣ್ಣ ನೋಡುವ ಬೇರೆಯವರು ಹೋದರೂ ಬಾಗಿಲು ತೆಗೆಯಲಿಲ್ಲ. ಮನೆಯವರು ಕರೆಯದೆ ಒಳಗೆ ಹೋಗುವಂತಿಲ್ಲ.

ತೊಂಬತ್ತೊಂದನೆಯ ದಿನ ನೀಲಾಜಮ್ಮ ನನ್ನನ್ನು ಕರೆಸಿದರು. ಅವರಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಮಾತು ಮಾತ್ರ ಚುರುಕು.

"ಏನೇ, ನಿಮ್ಮ ಭಾವ ಹೆಂಡ್ತೀನ ಮುಚ್ಚಿಟ್ಕೊಂಡು ಕೂತಿದಾನಂತೆ?"

"ಗೊತ್ತಿಲ್ಲಮ್ಮ. ನನ್ನೂ ಬಿಡ್ತಿಲ್ಲ."

"ಸ್ವಂತದವರು ಬಣ್ಣ ನೋಡಬಾರದು, ಮೈ ನೋಡ್ಕೋಬೋದು. ಹೋಗಿ ಜಗುಲಿ ಮೇಲೆ ಕೂತ್ಕೊ. ಎಷ್ಟು ಹೊತ್ತು ಅಂತ ಬಾಗಿಲು ಹಾಕ್ಕೋತಾನೆ? ನೂರನೇ ದಿನಕ್ಕೆ ನಾನು ಬರ್ತೀನಿ, ಅಷ್ಟರಲ್ಲಿ ಪ್ರಾಣಿ ಸುಸ್ಥಿತೀಲಿರಬೇಕು."

ನಾನು ಮಾರನೆಯ ಬೆಳಿಗ್ಗೆ ಎಂಟಕ್ಕೆ ಹೋಗಿ ಜಗುಲಿಯ ಮೇಲೆ ಕೂತೆ. ಒಳಗಿನಿಂದ ಹಾರ್ಮೋನಿಯಮ್ಮಿನ ಒಂದೇ ಸ್ವರ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹನ್ನೊಂದರ ಹೊತ್ತಿಗೆ ಬಾಗಿಲು ತೆರೆಯಿತು. ಭಾವ ನನ್ನ ಮುಖ ನೋಡಲಿಲ್ಲ. "ಬಿಸ್ಲು ಬಂತು ಜಗುಲೀಗೆ. ಒಳಗೆ ಬಾ" ಅಂದರು.

ಅಕ್ಕನ ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದಿದ್ದರು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಮೂಲೆಯಲ್ಲಿ ಒಂದು ಒಣ ಕೊಂಬೆ, ಅದರ ಮೇಲೆ ಅದು ಕಂಡವು. ಇದ್ದಿಲಿನ ಹಾಗೆ ಕಪ್ಪಾಗಿತ್ತು. ಕಣ್ಣುಗಳು ಒಳಗೆ ಇಳಿದುಹೋಗಿದ್ದವು. ಪಕ್ಕೆಯ ಚರ್ಮ ಹಳೆಯ ಕೈಚೀಲದಂತೆ ಮಡಿಕೆ ಬಿದ್ದಿತ್ತು. ಕೆಳಗೆ ಬಿದ್ದಿದ್ದ ಹಿಕ್ಕೆಯ ತುದಿ ಅರಿಸಿನಕ್ಕಿಂತ ಗಾಢ. ಎದುರಿಗೆ ಒಂದು ಸ್ಟೀಲ್ ಬಟ್ಟಲಿನ ತುಂಬ ನೀರು. ನನಗೆ ಮೈ ಉರಿಯಿತು. ಗೊತ್ತಿಲ್ಲದವರು ಬಟ್ಟಲಿಡುತ್ತಾರೆ, ಅದು ಬೇರೆ ಮಾತು. ಇವರು ಮೂವತ್ತು ವರ್ಷ ಬಣ್ಣ ನೋಡುವವಳ ಜೊತೆ ಬಾಳಿದವರು.

"ಇದು ಬಟ್ಟಲಲ್ಲಿ ಕುಡಿಯಲ್ಲ ಅಂತ ನಿಮಗೆ ಗೊತ್ತಿಲ್ವಾ ಭಾವ?"

"ಗೊತ್ತು."

"ಮತ್ತೆ?"

"ಮೂರು ದಿನಕ್ಕೊಂದು ಸಲ ಒದ್ದೆ ಎಲೆ ಕೊಡ್ತೀನಿ. ಸಾಯಕ್ಕೆ ಬಿಟ್ಟಿಲ್ಲ."

ಅಂದರೆ ಮರೆವಲ್ಲ, ಬೇಕಂತಲೇ. ಸಾಯದಷ್ಟು ನೀರು, ತಿಳಿಯಾಗದಷ್ಟು ಬಾಯಾರಿಕೆ. ಇಂಥದ್ದನ್ನು ಹಿಂದೆ ಒಂದೆರಡು ಮನೆಗಳಲ್ಲಿ ಕಂಡಿದ್ದೆ. ತಮ್ಮ ಬಣ್ಣ ಏನು ಬರುತ್ತದೋ ಅನ್ನುವ ಹೆದರಿಕೆಗೆ ಪ್ರಾಣಿಯನ್ನೇ ಕೆಡಿಸಿಡುತ್ತಾರೆ. ಬಾಯಾರಿದ ಗೋಸುಂಬೆಯ ಬಣ್ಣವನ್ನು ಯಾರೂ ಓದುವಂತಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಅಕ್ಕನಿಗೆ ಏನೋ ಮಾಡಿದ್ದಾರೆ ಅಂತ ಆ ಕ್ಷಣಕ್ಕೆ ನನಗೆ ಖಾತ್ರಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಒಳಗೆಲ್ಲೋ ಒಂದು ಚೂರು ಸಮಾಧಾನವೂ ಆಯಿತು.

"ಅಕ್ಕಂಗೆ ಏನು ಮಾಡಿದ್ರಿ?" ಅಂತ ಕೇಳಿಯೇಬಿಟ್ಟೆ.

ಭಾವ ಹೊರಗೆ ಹೋಗಿ ಹಾರ್ಮೋನಿಯಮ್ಮಿನ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲಿ ಅದೇ ಸ್ವರ ಮತ್ತೆ ಶುರುವಾಯಿತು.

ನಾನು ಗೋಣಿತಾಟು ಕಿತ್ತೆ. ಹಸಿ ದಾಸವಾಳದ ಕೊಂಬೆ ತಂದು ಕಟ್ಟಿದೆ. ಒಂದು ಮಡಕೆಯ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ ಮೇಲೆ ತೂಗುಹಾಕಿದೆ. ಎಲೆಯ ಮೇಲೆ ಮೊದಲ ಹನಿ ಬಿತ್ತು. ಗೋಸುಂಬೆ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ತಲೆ ಮೇಲೆತ್ತಿ ಬಾಯಿ ತೆರೆಯಿತು. ಅರ್ಧ ಗಂಟೆ ಕುಡಿಯಿತು. ಗಂಟಲು ಏಳುತ್ತಾ ಇಳಿಯುತ್ತಾ ಇತ್ತು. ಕುಡಿಯುವಾಗ ಅದರ ಒಂದು ಕಣ್ಣು ಹನಿಯ ಕಡೆಗಿತ್ತು, ಇನ್ನೊಂದು ನನ್ನ ಕಡೆಗೆ. ಆ ಕಣ್ಣು ಒಂದು ಸಲವೂ ಕದಲಲಿಲ್ಲ. ಬಣ್ಣವೂ ಬದಲಾಗಲಿಲ್ಲ. ಮೂರು ತಿಂಗಳ ಬಾಯಾರಿಕೆ ಒಂದು ದಿನಕ್ಕೆ ಹೋಗುತ್ತದೆಯೇ ಅಂದುಕೊಂಡೆ.

ಎರಡನೆಯ ದಿನ ಬೆಳಗಿನ ಬಿಸಿಲು ಬೀಳುವ ಕಡೆ ಕೊಂಬೆ ತಿರುಗಿಸಿದೆ. ಕಪ್ಪಾಗಿಯೇ ಇತ್ತು. ಗೋಸುಂಬೆ ಬಿಸಿಲು ಹೀರಿಕೊಳ್ಳಲು ಮೊದಲು ಮೈ ಕಪ್ಪು ಮಾಡಿಕೊಳ್ಳುವುದುಂಟು, ಅದೇ ಇರಬೇಕು ಅಂದುಕೊಂಡೆ. ಮೂರನೆಯ ದಿನ ಮಿಡತೆ ಹಿಡಿದು ತಂದೆ. ನನ್ನ ಎದುರಿಗೆ ಅದು ನಾಲಿಗೆ ಚಾಚಲಿಲ್ಲ. ನಾನು ಮನೆಗೆ ಹೋದ ಮೇಲೆ ತಿಂದಿತಂತೆ. ನಾಲ್ಕನೆಯ ದಿನ ಭಾವನೇ ಹೇಳಿದರು.

"ನಾಲ್ಕು ಮಿಡತೆ ತಿಂತು. ಬೆಳಿಗ್ಗೆ ನೀನು ಬರೋಕೆ ಮುಂಚೆ ಬಾಳೆ ಎಲೆ ಹಂಗಿತ್ತು."

"ನಿಮಗೆ ಬಣ್ಣ ಗೊತ್ತಾಗಲ್ಲ ಭಾವ."

"ಇರಬೋದು" ಅಂದರು.

ಐದನೆಯ ದಿನಕ್ಕೆ ಕಣ್ಣು ತುಂಬಿಕೊಂಡಿತು, ಪಕ್ಕೆಯ ಮಡಿಕೆ ಬಿಟ್ಟುಕೊಂಡಿತು. ಬೆರಳು ಕೊಟ್ಟರೆ ಹಿಡಿತ ಗಟ್ಟಿಯಿತ್ತು, ಸ್ವಲ್ಪ ಹೆಚ್ಚೇ ಗಟ್ಟಿ. ಬಣ್ಣ ಮಾತ್ರ ಹಾಗೇ. ಹಳೆಯ ಚರ್ಮ ಬಿಡುವ ಕಾಲವಿರಬೇಕು, ಆಗ ಮೈ ಮಂಕಾಗುತ್ತದೆ ಅಂತ ಹುಡುಕಿದೆ. ಎಲ್ಲೂ ಚರ್ಮ ಎದ್ದಿರಲಿಲ್ಲ. ಆರನೆಯ ದಿನ ನನಗೆ ನನ್ನ ಸೀರೆಯ ಮೇಲೆ ಅನುಮಾನ ಬಂತು. ಕೆಂಪು ಸೀರೆ, ಅದಕ್ಕೇ ಬೆದರಿರಬೇಕು. ಮಾರನೆಯ ದಿನ ಹಸಿರು ಸೀರೆ ಉಟ್ಟುಕೊಂಡು ಹೋದೆ. ದಾರಿಯಲ್ಲಿ ನಗು ಬಂತು. ಸೀರೆ ಬದಲಾಯಿಸಿಕೊಂಡು ಬಂದು ನಿಲ್ಲುವ ಎಷ್ಟು ಸೊಸೆಯಂದಿರನ್ನು ನೋಡಿ ನಾನೂ ಅಕ್ಕನೂ ಸೆರಗಿನ ಮರೆಯಲ್ಲಿ ನಕ್ಕಿದ್ದೆವೋ ಲೆಕ್ಕವಿಲ್ಲ. ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡೆ, ಕೋಣೆಗೆ ಹೋದೆ. ಅದರ ಬೆನ್ನಿನ ಮೇಲೆ ಇನ್ನೂ ಒಂದು ಎಳೆ ಹಸಿರು ಇತ್ತು. ನಾನು ನೋಡುತ್ತಿದ್ದಂತೆ ಅದು ತಲೆಯಿಂದ ಬಾಲದ ಕಡೆಗೆ ನಿಧಾನವಾಗಿ ಮುಚ್ಚಿಹೋಯಿತು. ನಾನು ಹನಿಯ ಮಡಕೆಯನ್ನು ಸರಿಪಡಿಸುತ್ತಾ ಬಹಳ ಹೊತ್ತು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಬಂತು. ಮನುಷ್ಯನಿಗೆ ಬೇಡದ್ದನ್ನು ನೋಡದೇ ಇರುವ ಶಕ್ತಿ ಎಷ್ಟಿದೆ ಅಂತ ನನಗೆ ಗೊತ್ತಾದದ್ದು ಆ ಒಂದು ವಾರದಲ್ಲಿ.

ನೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನೀಲಾಜಮ್ಮ ಬಂದರು. ಮೋಡವಿಲ್ಲ, ಗಾಳಿಯಿಲ್ಲ. ಗೋಸುಂಬೆಯ ಕೋಣೆಯಲ್ಲಿ ಅವರು ಕುರ್ಚಿ ಹಾಕಿಸಿಕೊಂಡು ಕೂತರು. ನಾನೂ ಭಾವನೂ ನಡುಮನೆಯಲ್ಲಿ ನಿಂತೆವು. ಅಕ್ಕನ ಕಡೆ ಬರಬೇಕಾದವರು ನಾವಿಬ್ಬರೇ.

ಮೊದಲು ಭಾವನನ್ನು ಕರೆದರು. ಅವರು ತೋಳು ಮಡಚಿದ ಹಳೆಯ ಶರ್ಟಿನಲ್ಲೇ ಒಳಗೆ ಹೋದರು. ನಾನು ಬಾಗಿಲ ಸಂದಿನಲ್ಲಿ ಕಣ್ಣಿಟ್ಟೆ. ಈಗ ಬಯಲಾಗುತ್ತದೆ ಅಂದುಕೊಂಡೆ. ಭಾವ ಕೈ ಚಾಚಿದರು. ಗೋಸುಂಬೆ ಒಂದು ಕಾಲೆತ್ತಿ, ತೂಗಿ, ಅವರ ಬೆರಳಿನ ಮೇಲೆ ಇಟ್ಟಿತು. ಅದರ ಮೈ ಮಳೆ ಬಿದ್ದ ಮಾರನೆಯ ದಿನದ ಹುಲ್ಲಿನಂಥ ಹಸಿರಾಗಿತ್ತು. ನೋಡುತ್ತಿದ್ದಂತೆ ಅದರ ಮೇಲೆ ಹಳದಿ ಚುಕ್ಕೆಗಳು ಒಂದೊಂದಾಗಿ ಎದ್ದವು. ಮೂವತ್ತು ವರ್ಷ ಈ ಕೆಲಸದ ಹತ್ತಿರವಿದ್ದರೂ ಅಷ್ಟು ಚುಕ್ಕೆಗಳನ್ನು ನಾನು ಕಂಡಿರಲಿಲ್ಲ.

"ಹಸಿರು. ಅಕ್ಕರೆ" ಅಂತ ನೀಲಾಜಮ್ಮ ಗಟ್ಟಿಯಾಗಿ ಹೇಳಿದರು. ಹೇಳುವ ಮಾತು ಗೋಡೆಯಾಚೆಗೂ ಕೇಳಬೇಕು ಅನ್ನುವುದು ನಿಯಮ. "ಚಿಕ್ಕತಾಯಿ, ನೀನು ಬಾ."

ನಾನು ಹೊಸ್ತಿಲು ದಾಟಿದೆ. ಮೂರು ಹೆಜ್ಜೆಯೂ ಆಗಲಿಲ್ಲ. ಮೊದಲು ಚುಕ್ಕೆಗಳು ಆರಿದವು. ಆಮೇಲೆ ಹಸಿರು. ಅದು ಭಾವನ ಬೆರಳನ್ನು ಬಿಟ್ಟು ಕೊಂಬೆಗೆ ಹಿಂತಿರುಗಿ, ಮೈಯನ್ನು ತೆಳುವಾಗಿಸಿಕೊಂಡು, ಕೊಂಬೆಯ ಆಚೆಗೆ ಸರಿದು ನಿಂತಿತು. ಕೊಂಬೆಯ ಈ ಬದಿಯಲ್ಲಿ ಕಾಣುತ್ತಿದ್ದದ್ದು ಕಪ್ಪಗಿನ ಬೆರಳುಗಳು ಮತ್ತು ನನ್ನ ಕಡೆಗೆ ತಿರುಗಿದ ಒಂದು ಕಣ್ಣು ಮಾತ್ರ.

ಕೋಣೆಯಲ್ಲಿ ಹನಿ ಬೀಳುವ ಸದ್ದು ಕೇಳುತ್ತಿತ್ತು. ನೀಲಾಜಮ್ಮ ಕ್ರಮ ಬಿಡುವವರಲ್ಲ.

"ನೀರು?" ಅಂದರು.

ಪ್ರಾಣಿಯನ್ನು ನೋಡಿಕೊಂಡವಳು ನಾನು, ಉತ್ತರ ಹೇಳಬೇಕಾದವಳೂ ನಾನೇ. "ದಿನಾ ಕುಡೀತಿದೆ" ಅಂದೆ.

"ಬಿಸ್ಲು?"

"ಏಳು ಗಂಟೆಯಿಂದ ಇದೆ."

"ಹೊಟ್ಟೆ?"

"ನಿನ್ನೆ ಐದು ಮಿಡತೆ."

ಒಂದೊಂದು ಉತ್ತರಕ್ಕೂ ನನ್ನ ಹಿಂದೆ ಒಂದೊಂದು ಬಾಗಿಲು ಹಾಕಿಕೊಂಡಂತಾಯಿತು. ಇಷ್ಟು ವರ್ಷ ಇವೇ ಮೂರು ಪ್ರಶ್ನೆಗಳನ್ನು ಬೇರೆಯವರಿಗೆ ಕೇಳುವಾಗ ಅವರ ಮುಖ ಯಾಕೆ ಹಾಗಾಗುತ್ತಿತ್ತು ಅಂತ ನಾನು ಯೋಚಿಸಿದವಳಲ್ಲ.

ಆಗ ಭಾವ ಬಾಯಿ ಹಾಕಿದರು. "ನಿನ್ನೆ ಸಂಜೆಯಿಂದ ನೀರು ನಿಲ್ಲಿಸಿದ್ದೆ ಅಮ್ಮ. ಮಡಕೆ ಖಾಲಿಯಾಗಿತ್ತು. ಈಗಷ್ಟೇ ತುಂಬಿಸ್ದೆ. ಬಾಯಾರಿರತ್ತೆ ಅದಕ್ಕೆ, ಇನ್ನೊಂದಿನ ನೋಡೋಣ."

ನೀಲಾಜಮ್ಮ ಕೋಲಿನ ತುದಿಯಿಂದ ಕೊಂಬೆಯ ಕೆಳಗಿದ್ದ ಹಿಕ್ಕೆಯನ್ನು ಹೊರಳಿಸಿದರು. ತುದಿ ಅಕ್ಕಿಯಷ್ಟು ಬೆಳ್ಳಗಿತ್ತು. ಅವರು ಭಾವನನ್ನು ನೋಡಿದರು, ಬೈಯಲಿಲ್ಲ.

"ಕಪ್ಪು" ಅಂದರು. ಗೋಡೆಯಾಚೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಲಿಲ್ಲ. ಆಮೇಲೆ ನಿಯಮ ನೆನಪಾಗಿ ಇನ್ನೊಮ್ಮೆ ಹೇಳಿದರು. "ಕಪ್ಪು. ನೋವು."

ನನಗೆ ಅಳು ಬರಲಿಲ್ಲ. ಭಾವನ ಮೇಲೆ ತಿರುಗಿಬಿದ್ದೆ. "ನಿಮಗೆ ಗೊತ್ತಿತ್ತು."

"ಹನ್ನೊಂದನೇ ದಿನ ನೀನು ಪಾಯಸದ ಪಾತ್ರೆ ಹಿಡ್ಕೊಂಡು ಈ ಬಾಗಿಲಲ್ಲಿ ಹಾದುಹೋದೆ" ಅಂದರು ಭಾವ. ಅವರ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಕಡಿಮೆ. "ನೀನು ನೋಡ್ಲಿಲ್ಲ. ನಾನು ನೋಡ್ದೆ. ಹಾದುಹೋದಷ್ಟು ಹೊತ್ತೂ ಕಪ್ಪಾಗಿತ್ತು, ನೀನು ಹೋದ್ಮೇಲೆ ತಿಳಿಯಾಯ್ತು. ಇನ್ನೊಂದು ಸಲ ನೀನು ಬಂದು ನಿಂತ್ಕೊಂಡ್ರೆ ನಿಂಗೇ ಗೊತ್ತಾಗತ್ತೆ ಅನ್ನಿಸ್ತು. ಬಾಯಾರಿದ್ರೆ ಎಲ್ಲರಿಗೂ ಕಪ್ಪೇ ಅಲ್ವಾ, ನಿನ್ನೊಬ್ಬಳಿಗೇ ಅಲ್ವಲ್ಲ. ಅದಕ್ಕೆ ನೀರು ನಿಲ್ಲಿಸ್ದೆ."

"ನಂಗೋಸ್ಕರ ಅಕ್ಕನ್ನ ಬಾಯಾರಿಸಿದ್ರಾ?"

"ಅವಳು ನಂಗೆ ಬೇಜಾರು ಮಾಡ್ಕೊಳ್ಳಲ್ಲ" ಅಂದರು ಭಾವ. "ನೋಡಿದ್ಯಲ್ಲ, ಮಾಡ್ಕೊಂಡಿಲ್ಲ."

"ಅವಳಿಗೆ ಗೊತ್ತಿತ್ತಾ? ನೀಲಾಜಮ್ಮಂಗೆ ಹೇಳಿದ್ದು ನಾನು ಅಂತ?"

ಭಾವ ಹಾರ್ಮೋನಿಯಮ್ಮಿನ ಧೂಳು ಕೂತಿದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಅವತ್ತೇ ಗೊತ್ತಿತ್ತು. ಹೇಳಿದ್ದಕ್ಕೆ ಅವಳಿಗೆ ಏನೂ ಬೇಜಾರಿರ್ಲಿಲ್ಲ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದ್ಳು ಅಷ್ಟೆ. ನೀನು ಬರೋ ದಿನ ಎಲ್ಲ ಮಜ್ಜಿಗೆ ಕಡೆಯೋಳು."

ಮೂರು ವರ್ಷ ನಾನು ಆ ಮಜ್ಜಿಗೆಯನ್ನು ಕುಡಿದು, ಮೂತಿ ಒರೆಸಿಕೊಂಡು, ಇನ್ನೇನು ಸಮಾಚಾರ ಅಂತ ಎದ್ದು ಬಂದಿದ್ದೆ. ಊರಿನ ಹೆಣಗಳ ಮನಸ್ಸೆಲ್ಲ ಓದಿದವಳಿಗೆ ಎದುರಿಗೆ ಕೂತು ಬೆಣ್ಣೆ ತೆಗೆಯುತ್ತಿದ್ದ ಜೀವಂತ ಮನುಷ್ಯಳ ಮುಖ ಓದಲು ಬರಲಿಲ್ಲ. ಅಲ್ಲ, ಬರುತ್ತಿತ್ತು. ಓದಲಿಲ್ಲ.

ನೀಲಾಜಮ್ಮ ಕೋಲೂರಿ ಎದ್ದರು. "ನಡಿ ಚಿಕ್ಕತಾಯಿ. ಹೊತ್ತೇರಿದ್ರೆ ಲೆಕ್ಕ ತಪ್ಪತ್ತೆ."

ಹಿಂದೆ ನಡೆಯುವವರು ಹೆಜ್ಜೆಗಳನ್ನು ಕಡಿಮೆ ತೋರಿಸಲು ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾರೆ ಅಂತ ಬಣ್ಣ ನೋಡುವವರು ಅವರ ಪಕ್ಕದಲ್ಲೇ ಎಣಿಸುತ್ತಾ ಹೋಗಬೇಕು. ಒಳಗೆ ಉಳಿಯುವುದು ಗೋಸುಂಬೆ ಮತ್ತು ಮನೆಯವರು ಮಾತ್ರ. ಭಾವ ಕಿಟಕಿಯಲ್ಲಿ ಹೋಗಿ ನಿಂತರು. ನಾನು ಕಿಟಕಿಗೆ ಮುಖ ಮಾಡಿಕೊಂಡು ಹಿಂದಕ್ಕೆ ಕಾಲಿಟ್ಟೆ. ಜಗುಲಿಯಿಂದ ಇಳಿದೆ. ನೀಲಾಜಮ್ಮ ನನ್ನ ಮೊಳಕೈ ಹಿಡಿದಿದ್ದರು. ನನ್ನನ್ನು ಆಧರಿಸಲೋ ತಮ್ಮ ಮಂಡಿಗಾಗಿಯೋ ಗೊತ್ತಿಲ್ಲ.

"ಆರು. ಏಳು. ಗಟಾರ ಇದೆ ನೋಡ್ಕೊ. ಎಂಟು."

ಬೀದಿಯಲ್ಲಿ ಜನ ಸರಿದು ದಾರಿ ಬಿಟ್ಟರು. ಎದುರು ಮನೆಯ ಹೆಂಗಸು ರಂಗೋಲಿಯ ಬಟ್ಟಲು ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವಳ ಅತ್ತೆಯ ಬಣ್ಣ ಹೇಳಿದವಳು ನಾನೇ. ಹತ್ತಾಯಿತು, ಹನ್ನೆರಡಾಯಿತು. ಕಿಟಕಿಯ ಒಳಗೆ ನನಗೆ ಕಾಣುತ್ತಿದ್ದದ್ದು ಭಾವನ ಬಿಳಿ ಶರ್ಟು ಮಾತ್ರ. ಅವರು ಒಳಗೆ ತಿರುಗಿ ನೋಡುತ್ತಿದ್ದರು, ಮತ್ತೆ ನನ್ನ ಕಡೆ ನೋಡುತ್ತಿದ್ದರು. ಹದಿನಾಲ್ಕನೆಯ ಹೆಜ್ಜೆಗೆ ಅವರ ಕೈ ಮೇಲೆದ್ದಿತು.

"ಹದಿನಾಲ್ಕು" ಅಂದರು ನೀಲಾಜಮ್ಮ, ಉಸಿರು ಬಿಡುತ್ತಾ. "ಪುಣ್ಯ ಕಣೇ. ಹದಿನಾಲ್ಕೇ ಹೆಜ್ಜೆ. ವಾರಕ್ಕೊಂದು ಅಂದ್ರೂ ದೀಪಾವಳಿಗೆ ಒಳಗಿರ್ತೀಯ."

ನಾನು ಆ ಕೈಯನ್ನು ನೋಡಿದೆ. ಅದು ನೆಟ್ಟಗೆ ಮೇಲೆದ್ದಿತ್ತು, ಸ್ವಲ್ಪವೂ ಅಲುಗಾಡುತ್ತಿರಲಿಲ್ಲ. ಅಕ್ಕನ ಮೈ ನಿಜವಾಗಿ ತಿಳಿಯಾಗಿರಬಹುದು. ಹದಿನಾಲ್ಕು ಹೆಜ್ಜೆಯ ನೋವು, ಅಷ್ಟೇ ಇರಬಹುದು. ಹಾಗೆ ನಂಬಲು ಆಗಿದ್ದರೆ ನಾನು ಅಲ್ಲೇ ರಸ್ತೆಯಲ್ಲಿ ಕುಸಿದು ಕೂತು ಅಳುತ್ತಿದ್ದೆ. ಆದರೆ ಆ ಕೈ ನನಗೆ ಗೊತ್ತಿತ್ತು. ನನ್ನ ಮನಸ್ಸು ನೋಯಬಾರದು ಅಂತ ಮೂರು ತಿಂಗಳು ತಮ್ಮ ಹೆಂಡತಿಗೆ ನೀರು ಕೊಡದೆ ಇದ್ದ ಕೈ ಅದು. ಈಗಷ್ಟೇ, ನೀಲಾಜಮ್ಮನವರ ಮುಖಕ್ಕೇ, ನನಗಾಗಿ ಸುಳ್ಳು ಹೇಳಿದ ಮನುಷ್ಯನ ಕೈ. ನನ್ನನ್ನು ಹದಿನಾಲ್ಕಕ್ಕೆ ನಿಲ್ಲಿಸಿದ್ದು ಅವರೋ, ಅಕ್ಕನೋ?

"ಇನ್ನೂ ಹೋಗೋಣಮ್ಮ" ಅಂದೆ.

"ಕೈ ಎತ್ತಿದಾನಲ್ಲೇ."

"ಹೋಗೋಣ."

ಹದಿನೈದು, ಹದಿನಾರು. ಕಿಟಕಿಯಲ್ಲಿ ಭಾವ ಕೈಯನ್ನು ಜೋರಾಗಿ ಬೀಸತೊಡಗಿದರು. "ಸಾಕು ಚಿಕ್ಕತಾಯಿ, ಹಸಿರಾಗಿದೆ, ಸಾಕು ನಿಂತ್ಕೊ" ಅಂತ ಅವರು ಕೂಗಿದ್ದು ಬೀದಿಯೆಲ್ಲ ಕೇಳಿಸಿತು. ಆ ಮನುಷ್ಯ ಕೂಗಿದ್ದನ್ನು ನಾನು ಹಿಂದೆ ಯಾವತ್ತೂ ಕೇಳಿರಲಿಲ್ಲ. ಮೂವತ್ತರ ಹತ್ತಿರ ನೀಲಾಜಮ್ಮ ನನ್ನ ಮೊಳಕೈ ಬಿಟ್ಟು, ಒಂದು ಕಟ್ಟೆಯ ಮೇಲೆ ಕೂತು, ಎಣಿಸುವುದನ್ನು ನಿಲ್ಲಿಸಿದರು. ಕಿಟಕಿ ಒಂದು ಬೆಂಕಿಪೊಟ್ಟಣದಷ್ಟಾಗಿತ್ತು. ಅದರೊಳಗೆ ಕೈ ಇನ್ನೂ ಮೇಲಿತ್ತು. ಅದು ನಿಜ ಹೇಳುತ್ತಿದ್ದರೂ ನನಗೆ ತಿಳಿಯುವ ದಾರಿಯಿರಲಿಲ್ಲ. ನಾನು ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟೆ.